ಸಮವಸ್ತ್ರದ ನಿಯಮ ಮತ್ತು ಮುಚ್ಚಿದ ಗೇಟು

ಶಾಲಾ ಕಾಲೇಜುಗಳಲ್ಲಿ ಸಮವಸ್ತ್ರ ಇರಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಉಳ್ಳವರ ಮಗುವನ್ನೂ ಇಲ್ಲದವರ ಮಗುವನ್ನೂ ಒಂದೇ ಬೆಂಚಿನಲ್ಲಿ ಅಳುಕಿಲ್ಲದೆ ಕೂರಿಸಲು ಇದಕ್ಕಿಂತ ಅಗ್ಗದ ಸಾಧನವಿಲ್ಲ. ಪ್ರಶ್ನೆ ಇರುವುದು ಬೇರೆಡೆ: ನಿಯಮಕ್ಕೆ ಹೊಂದದ ವಿದ್ಯಾರ್ಥಿಗೆ ತರಗತಿಯನ್ನೇ ನಿರಾಕರಿಸಬಹುದೆ?

ಕುಂಭಾಶಿಯಲ್ಲಿ ನೆಲೆಸಿರುವ ನನ್ನಂಥವರಿಗೆ ಇದು ದೂರದ ಚರ್ಚೆಯಲ್ಲ. 2021ರ ಡಿಸೆಂಬರ್‌ನಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದ್ದ ಹಿಜಾಬ್ ವಿವಾದ 2022ರ ಫೆಬ್ರುವರಿ ಮೊದಲ ವಾರದಲ್ಲಿ ಕುಂದಾಪುರಕ್ಕೂ ಬಂತು. ಇಲ್ಲಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಒಂದೆಡೆ ಕೇಸರಿ ಶಾಲು ಹೊದ್ದ ಹುಡುಗರು, ಇನ್ನೊಂದೆಡೆ ಮುಚ್ಚಿದ ಗೇಟಿನ ಹೊರಗೆ ಹುಡುಗಿಯರು. ಫೆಬ್ರುವರಿ 5ರಂದು ಸರ್ಕಾರ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟಿನ ಪೂರ್ಣಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಪುರಸ್ಕರಿಸಿದರು. ನ್ಯಾಯಮೂರ್ತಿಗಳಲ್ಲೇ ಒಮ್ಮತ ಮೂಡದ ಪ್ರಶ್ನೆಯನ್ನು ಹದಿನೇಳರ ಹುಡುಗಿಯರು ಗೇಟಿನ ಬಳಿ ನಿಂತು ಎದುರಿಸಬೇಕಾಯಿತು.

ಆಡಳಿತದಲ್ಲಿ ವೃತ್ತಿಜೀವನ ಸವೆಸಿದ ನನ್ನ ಗಮನ ಸೆಳೆಯುವುದು 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಾವಳಿಯ 11ನೇ ನಿಯಮ. ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮುಂಚಿತವಾಗಿ ನೋಟಿಸು ಕೊಡಬೇಕು. ಹಿಜಾಬ್ ಪ್ರಕರಣಕ್ಕೆ ಇದು ನೇರವಾಗಿ ಅನ್ವಯಿಸುವುದೇ ಎಂಬುದು ವಾದಾಸ್ಪದ. ಆದರೆ ಅದರ ಆಶಯ ಸ್ಪಷ್ಟ: ಉಡುಪಿನ ವಿಷಯದಲ್ಲಿ ಕುಟುಂಬಗಳಿಗೆ ಯೋಚಿಸಲು ಕಾಲಾವಕಾಶ ಇರಬೇಕು. ಅಂಗಿಯ ಬಣ್ಣ ಬದಲಿಸಲು ಒಂದು ವರ್ಷ ಕೊಡುವ ವ್ಯವಸ್ಥೆ, ಮನೆಯ ನಂಬಿಕೆಯನ್ನೇ ಮುಟ್ಟುವ ತೀರ್ಮಾನಕ್ಕೆ ಶೈಕ್ಷಣಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದು ವಾರವನ್ನೂ ಕೊಡಲಿಲ್ಲ.

ಇದನ್ನು ಬಿಟ್ಟರೆ ಶಿಸ್ತು ಉಳಿಯದು, ಇಂದು ಹಿಜಾಬ್, ನಾಳೆ ಶಾಲು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಅದಕ್ಕೊಂದು ಅಳತೆಗೋಲು ಬೇಕು. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ನಂಬಿಕೆಯ ಕಾರಣಕ್ಕೆ ಹಾಡದ ಕೇರಳದ ಮೂವರು ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಅವರ ಮೌನದಿಂದ ಯಾರ ಪಾಠಕ್ಕೂ ಭಂಗ ಬಂದಿರಲಿಲ್ಲ. ವಿದ್ಯಾರ್ಥಿಯ ಅಭಿವ್ಯಕ್ತಿ, ಯಾವ ಬಣ್ಣದ್ದೇ ಆಗಿರಲಿ, ಪಕ್ಕದವರ ಕಲಿಕೆಗೆ ಅಡ್ಡಿಯಾದಾಗ, ಘೋಷಣೆಯಾಗಿ ಬೆದರಿಸುವಾಗ ತಡೆಯೋಣ. ಸುಮ್ಮನೆ ಕುಳಿತು ಕೇಳುವವರನ್ನಲ್ಲ.

ಅರ್ಥಶಾಸ್ತ್ರ ಓದಿದವನಿಗೆ ಲೆಕ್ಕ ಕಾಣದಿರದು. ನಿಯಮ ಮುರಿದ ತಪ್ಪಿಗೂ ಕಳೆದುಹೋಗುವ ವಿದ್ಯೆಗೂ ಯಾವ ಸಮತೋಲವೂ ಇಲ್ಲ. ವರ್ಷ ಕಳೆದುಕೊಂಡ ಹುಡುಗ ಮರುವರ್ಷ ಕಾಲೇಜು ಸೇರಿಯಾನು. ಹುಡುಗಿಯ ಮನೆಯಲ್ಲಿ ಅಷ್ಟರೊಳಗೆ ಮದುವೆಯ ಮಾತು ಬಂದಿರುತ್ತದೆ. ಹಿಜಾಬ್ ಅವಳ ಆಯ್ಕೆಯಲ್ಲ, ಮನೆಯವರ ಒತ್ತಾಯ ಎನ್ನುವವರೂ ಇದನ್ನು ಯೋಚಿಸಬೇಕು. ಒತ್ತಾಯವೇ ನಿಜವಾದರೆ, ಅದರಿಂದ ಹೊರಬರಲು ಅವಳಿಗಿರುವ ದಾರಿಯೂ ಕಾಲೇಜೇ.

ಆದುದರಿಂದ ಉಡುಪಿನ ನಿಯಮಗಳನ್ನು ಪ್ರವೇಶದ ವೇಳೆಯಲ್ಲೇ ಲಿಖಿತವಾಗಿ ತಿಳಿಸಬೇಕು. ವರ್ಷದ ನಡುವೆ ಬದಲಿಸಬಾರದು. ಕಾಲೇಜು ಅಭಿವೃದ್ಧಿ ಸಮಿತಿ ತೀರ್ಮಾನಕ್ಕೆ ಮೊದಲು ವಿದ್ಯಾರ್ಥಿಗಳ ಮಾತು ಕೇಳಬೇಕು. ತಕರಾರು ಇತ್ಯರ್ಥವಾಗುವವರೆಗೆ ಯಾರ ಪಾಠವೂ, ಪರೀಕ್ಷೆಯೂ ತಪ್ಪಬಾರದು. ಸಮವಸ್ತ್ರ ಹುಟ್ಟಿದ್ದೇ ಎಲ್ಲ ಮಕ್ಕಳನ್ನೂ ಒಳಗೆ ಕೂರಿಸುವುದಕ್ಕಾಗಿ.