ಹಳೇ ಔಷಧ, ಹೊಸ ಚೀಟಿ

ಕಿರಾಣಿ ಅಂಗಡಿಯವ 25 ಕೇಜಿ ಅಕ್ಕಿ ಚೀಲ ಮಾರೂದು ಬಿಟ್ಟು, ಅದೇ ಅಕ್ಕೀನ ಸಣ್ಣ ಪಾಕೀಟಿನ್ಯಾಗ ತುಂಬಿ, ಮ್ಯಾಲೆ ಹೊಸ ಹೆಸರು ಅಂಟಿಸಿ ಹತ್ತು ಪಟ್ಟು ರೇಟು ಹೇಳಿದ್ರ ನಾವು ಬೈದು ಬರ್ತೀವಿ. ಔಷಧ ಕಂಪನಿ ಹಂಗ ಮಾಡಿದ್ರ "ವ್ಯಾಪಾರ, ಏನ್ ಮಾಡೂದು" ಅಂತ ತಲಿ ಅಲ್ಲಾಡಸ್ತೀವಿ. ಯಾಕ್ರಿ?

ಅಲೆಮ್ಟುಜುಮ್ಯಾಬ್ ಅನ್ನೋ ಔಷಧ ನೋಡ್ರಿ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಪೆಥಾಲಜಿ ವಿಭಾಗದಾಗ ಹುಟ್ಟಿದ್ದಕ್ಕ 'ಕ್ಯಾಂಪಾತ್' ಅಂತ ಹೆಸರಾತು. ಇಲಿಯಿಂದ ಪಡೆದ ಪ್ರತಿಕಾಯ ಅದು. ಸರಕಾರಿ ರೊಕ್ಕದಾಗ ನಡಿಯೂ ಪ್ರಯೋಗಾಲಯದ ಗ್ರೆಗ್ ವಿಂಟರ್ ಅವರ ಗುಂಪು 1988ರ ಹೊತ್ತಿಗೆ ಅದನ್ನ ಮನುಷ್ಯರ ಮೈಗೆ ಒಗ್ಗೂ ಹಂಗ ತಿದ್ದಿತು. ಸಿಡಿ52 ಅನ್ನೋ ಗುರುತಿರೋ ಬಿಳಿ ರಕ್ತಕಣ ಹುಡುಕಿ ನಾಶ ಮಾಡ್ತದ. ಒಳ್ಳೇ ಕಣಾನೂ ಸಾಯ್ತಾವ, ಸೋಂಕಿನ ಭಯ ದೊಡ್ಡದು. ಆದ್ರ ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೇಮಿಯಾದಾಗ, ಪಿ53 ಜೀನು ಕೆಟ್ಟು ಸಾದಾ ಕೀಮೋ ನಾಟದವರಿಗೂ ಇದು ನಾಟತಿತ್ತು. 2001ರಾಗ ಅಮೆರಿಕಾದ ಪರವಾನಗಿ ಸಿಕ್ತು.

2012ರಾಗ ಸನೋಫಿ ಕಂಪನಿ ಅಮೆರಿಕಾ, ಯುರೋಪಿನ ಮಾರುಕಟ್ಟಿಯಿಂದ ಅದನ್ನ ತಾನಾಗೇ ಹಿಂದಕ್ಕ ತಗೊಂತು. ಔಷಧ ಕೆಟ್ಟಿತ್ತಂತಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರದ ಬ್ಯಾನಿಗೂ ಕೆಲಸ ಮಾಡ್ತದಂತ ಗೊತ್ತಾಗಿತ್ತು. ಮರುವರ್ಷ ಯುರೋಪಿನ್ಯಾಗ ಅದೇ ಔಷಧ 'ಲೆಮ್‌ಟ್ರಾಡಾ' ಆಗಿ ಬಂತು.

ಇನ್ನ ಲೆಕ್ಕಕ್ಕ ಬರ್ರಿ. ಲ್ಯುಕೇಮಿಯಾಕ್ಕ ವಾರಕ್ಕ ಮೂರು ಸಲ 30 ಮಿ.ಗ್ರಾಂ, ಅಂದ್ರ ವಾರಕ್ಕ 90. ಹಂಗ 12 ವಾರದ ತನಕ. ನರದ ಬ್ಯಾನಿಗೆ ಮೊದಲ ವರ್ಷ 12 ಮಿ.ಗ್ರಾಂನ ಐದು ಸೀಸೆ, ಮರುವರ್ಷ ಮೂರು. ಎರಡೂ ವರ್ಷ ಸೇರಿ 96. ಆ ಎಂಟು ಸೀಸೆಗೆ ಬ್ರಿಟನ್ನಿನ್ಯಾಗ ಹಚ್ಚಿದ ರೇಟು 56,360 ಪೌಂಡ್! ಮಗ್ಗಲದಾಗ ಹಳೇ ಸೀಸೆ ಇದ್ರ ಈ ರೇಟು ಯಾರು ಕೊಡ್ತಿದ್ರು? ಅದಕ್ಕೇ ಹಳೇದನ್ನ ಸರಿಸಿದ್ರು ಅಂತ ನನ್ನ ವಾದ.

ಪ್ರಯೋಗದ ಹೊರಗ ನರದ ಬ್ಯಾನಿಗೆ ಬಳಸಬಾರದಂತ ಹಿಂಗ ಮಾಡಿದ್ವಿ ಅಂತ ಕಂಪನಿ ಹೇಳ್ತು. ಲ್ಯುಕೇಮಿಯಾದವರಿಗೆ ಡಾಕ್ಟರು ಕೇಳಿದ್ರ ಪುಕ್ಕಟ ಕೊಡ್ತೀವಿ ಅಂತು, ಕೊಟ್ಟದ್ದೂ ಖರೆ. ಆದ್ರ ಹಕ್ಕಿಲೇ ತರೂದು ಬ್ಯಾರೆ, ಹಿತ್ತಲ ಬಾಗಲಾಗ ನಿಂತು ಬೇಡೂದು ಬ್ಯಾರೆ. ಕೊಡೂ ಕೈ ನಾಳೆ ಒಲ್ಲೆ ಅಂದ್ರ ಜಗಳಾಡ್ಲಿಕ್ಕೆ ಯುರೋಪಿನ್ಯಾಗ ಪರವಾನಗಿ ಅನ್ನೋ ಕಾಗದಾನೇ ಇಲ್ಲ. ಸಾರ್ವಜನಿಕರ ರೊಕ್ಕದಾಗ ಹುಟ್ಟಿದ ಔಷಧಾನ ಕಂಪನಿ ಮಾರೂದು ಬಿಟ್ರ, ಆ ಹಕ್ಕು ಬ್ಯಾರೆ ತಯಾರಕರಿಗೆ ಹೋಗಬೇಕು. ಈ ಕರಾರು ಮೊದಲೇ ಬರಸ್ಕೋಬೇಕಿತ್ತು.

ಈಗ ಇಬ್ರೂಟಿನಿಬ್‌ನಂಥಾ ಗುಳಗಿ ಬಂದಾವಲ್ಲ, ಹಳೇದಕ್ಕ ಯಾಕ ಅಳ್ತೀರಿ ಅನ್ನಬಹುದು. ಈ ಲ್ಯುಕೇಮಿಯಾಕ್ಕ ಆ ಗುಳಗಿಗೆ ಪರವಾನಗಿ ಸಿಕ್ಕದ್ದು 2014ರಾಗ.