ಮೈಕ್ರೋಸ್ಕೋಪ್ ಬಿಗಿಯಾದರೆ ಎಣ್ಣೆ ಬಿಡಬಹುದೇ?

ಹುಬ್ಬಳ್ಳಿ-ಧಾರವಾಡದ ಕಾಲೇಜು ಲ್ಯಾಬುಗಳಲ್ಲಿ ಹಳೆಯ ಮೈಕ್ರೋಸ್ಕೋಪಿನ ನೋಸ್‌ಪೀಸ್, ಅಂದರೆ ಲೆನ್ಸುಗಳನ್ನು ಹೊತ್ತು ತಿರುಗುವ ಚಕ್ರ, ಬಿಗಿಯಾದರೆ ಹೊಲಿಗೆ ಯಂತ್ರದ ಎಣ್ಣೆ ಬಿಡಿ ಎನ್ನುವವರಿದ್ದಾರೆ. ಬೇಡ ಎನ್ನುತ್ತೇವೆ ನಾವು. ಸಾಮಾನ್ಯವಾಗಿ ತೊಂದರೆ ಕೊಡುವುದು ಒಳಗೆ ಗಟ್ಟಿಯಾದ ಹಳೆಯ ಗ್ರೀಸ್. ತೆಳು ಎಣ್ಣೆ ಹರಿದು ಲೆನ್ಸಿಗೆ ತಾಗಿದರೆ ಚಿತ್ರ ಮಸುಕಾಗುತ್ತದೆ. ಮಲೇರಿಯಾ ಪತ್ತೆಗೆ ರಕ್ತದ ಲೇಪವನ್ನು ನೋಡುವುದು 100 ಎಕ್ಸ್ ಲೆನ್ಸಿನಲ್ಲಿ; ಅಲ್ಲಿ ಮಸುಕಾದರೆ ರೋಗಾಣು ಕಣ್ತಪ್ಪಬಹುದು. ರೋಗಪತ್ತೆಗೆ ಬಳಸುವ ಉಪಕರಣವನ್ನಂತೂ ತಂತ್ರಜ್ಞರಿಗೇ ಬಿಡಿ.

ಕಾಲೇಜಿನದಾದರೆ, ಲೆನ್ಸುಗಳನ್ನು ಬಿಚ್ಚಿ ಯಾವುದು ಎಲ್ಲಿತ್ತೆಂದು ಗುರುತು ಹಾಕಿ. ಮಳೆಗಾಲದ ಬೂಸ್ಟು ಹಿಡಿದಿದೆಯೇ ಎಂದೂ ನೋಡಿಕೊಳ್ಳಿ. ಕೆಲವು ಚಕ್ರಗಳಲ್ಲಿ ಬೇರಿಂಗಿನ ಗುಂಡುಗಳು ಬಿಡಿಯಾಗಿಯೇ ಇರುತ್ತವೆ, ತಟ್ಟೆಯ ಮೇಲೆ ಬಿಚ್ಚದಿದ್ದರೆ ನೆಲವೆಲ್ಲ ಹುಡುಕಬೇಕಾದೀತು. ಗುಂಡು ಎಣಿಸಿ, ಹಳೆಯ ಗ್ರೀಸ್ ಒರೆಸಿ, ಹೊಸದನ್ನು ತೆಳುವಾಗಿ ಸವರಿ. 'ಟಕ್' ಎಂದು ನಿಲ್ಲಿಸುವ ಸ್ಪ್ರಿಂಗನ್ನು ಬಗ್ಗಿಸಬೇಡಿ. ಅದು ಸರಿದರೆ 10 ಎಕ್ಸ್‌ನಲ್ಲಿ ನಡುವೆ ಕಂಡದ್ದು 40ರಲ್ಲಿ ಕಾಣುವುದೇ ಇಲ್ಲ.