ಕಿರುಗಣಕಕ್ಕೊಂದು ಲಿನಕ್ಸ್
ಅಂಗೈಯಗಲದ ಹಲಗೆಯಲ್ಲಿ ಸಮಗ್ರ ಗಣಕಯಂತ್ರವನ್ನೇ ಅಡಕಗೊಳಿಸಿ, ಬಾಲಕರು ಪ್ರೋಗ್ರಾಮುರಚನೆಯನ್ನು ಕಲಿಯಲೆಂಬ ಸದುದ್ದೇಶದಿಂದ ಇಂಗ್ಲೆಂಡಿನ ಕೇಂಬ್ರಿಜ್‌ನವರು 2012ರ ಫೆಬ್ರವರಿ 29ರಂದು 35 ಡಾಲರಿಗೆ ಮಾರಾಟಕ್ಕಿರಿಸಿದ ರಾಸ್ಪ್‌ಬೆರಿ ಪೈಗೆ ತಕ್ಕ ಲಿನಕ್ಸನ್ನು ಅಣಿಗೊಳಿಸುವ ಕಾರ್ಯವು ಸುಲಭಸಾಧ್ಯವಾಗಿರಲಿಲ್ಲ. ದಶಮಾಂಶ ಸಂಖ್ಯೆಗಳ ಗಣನೆಯನ್ನು ಶೀಘ್ರವಾಗಿ ನೆರವೇರಿಸಬಲ್ಲ ಪ್ರತ್ಯೇಕ ಅಂಗವೊಂದು ಅದರ ಚಿಪ್ಪಿನೊಳಗೇ ಇದ್ದಿತಾದರೂ, ಅಂಥ ಅಂಗವನ್ನು ಪೂರ್ಣವಾಗಿ ದುಡಿಸಿಕೊಳ್ಳಬಲ್ಲ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಆವೃತ್ತಿಯು ಆರ್ಮ್ ವಂಶದ ಏಳನೆಯ ತಲೆಮಾರಿನ ಚಿಪ್ಪನ್ನೇ ಅಪೇಕ್ಷಿಸುತ್ತಿದ್ದಿತು. ಪೈಯದೋ ಆರನೆಯ ತಲೆಮಾರು. ಆಗ ಮೈಕ್ ಥಾಂಪ್ಸನ್, ಪೀಟರ್ ಗ್ರೀನ್ ಎಂಬಿಬ್ಬರು ಸ್ವಯಂಪ್ರೇರಿತರಾಗಿ ಮುಂದೆ ಬಂದು, ಡೆಬಿಯನ್ನಿನ ಸಾವಿರಾರು ತಂತ್ರಾಂಶಗಳನ್ನು ಆ ಚಿಪ್ಪಿಗೆಂದೇ ಪುನಃ ಸಂಕಲಿಸಿ, ರಾಸ್ಪಿಯನ್ ಎಂಬ ವಿತರಣೆಯನ್ನು ಲೋಕಕ್ಕಿತ್ತರು. ಈ ನಿಃಸ್ವಾರ್ಥ ಪರಿಶ್ರಮವು ಆ ಯಂತ್ರದ ನಿರ್ಮಾಣಕ್ಕಿಂತ ಕಿರಿದಾದುದೆಂದು ನಾನೆಂದಿಗೂ ಒಪ್ಪಲಾರೆ. ಅವರ ದೆಸೆಯಿಂದ, ವ್ಯವಸ್ಥೆಯ ಪ್ರತಿಯನ್ನು ಎಸ್‌ಡಿ ಕಾರ್ಡಿನ ಮೇಲೆ ಬರೆದು, ಯಂತ್ರಕ್ಕೆ ತೊಡಿಸಿ, ವಿದ್ಯುತ್ತನ್ನು ಹರಿಯಿಸುವುದಷ್ಟೇ ನಮ್ಮ ಪಾಲಿಗುಳಿಯಿತು. ಹಳೆಯ ಮಾದರಿಗಳಲ್ಲಿ ಮೊದಲು ಎಚ್ಚರುವುದು ಚಿತ್ರಗಳನ್ನು ಮೂಡಿಸುವ ಸಂಸ್ಕಾರಕ; ಅದು ಕಾರ್ಡಿನಿಂದ ಆರಂಭದ ಕಡತಗಳನ್ನೋದಿಕೊಂಡ ತರುವಾಯವೇ ಮುಖ್ಯ ಸಂಸ್ಕಾರಕವು ಲಿನಕ್ಸನ್ನು ಕೈಗೆತ್ತಿಕೊಳ್ಳುವುದು. ಇಷ್ಟೆಲ್ಲ ಸುಗಮವಾಗಿದ್ದರೂ ದುರ್ಬಲವಾದ ಚಾರ್ಜರನ್ನು ಮಾತ್ರ ಇದಕ್ಕೆ ಜೋಡಿಸಲಾಗದು. ವೋಲ್ಟೇಜು ಕುಸಿದೊಡನೆ ಯಂತ್ರವು ನಡುವೆಯೇ ನಿಂತು, ಬರೆಯುತ್ತಿದ್ದ ಕಡತಗಳು ಕೆಡುವ ಸಂಭವವುಂಟು.